ಶ, ಷ, ಸ ಮತ್ತು ಹುಕ್ಕೇರಿಯ ಖಾನೆಗಳು

ಗೋಕಾಕದ ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ದಾರಿಯಲ್ಲಿ ಒಂದು ಪಾತ್ರೆ ಅಂಗಡಿ ಇದೆ. ಅದರ ಮಹಡಿಯ ಎರಡು ಕೋಣೆಗಳಲ್ಲಿ ನಾನು ಹದಿಮೂರು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಅಲ್ಲಿ ಕೆಲಸ ಮಾಡುವವರು ಇಬ್ಬರೇ, ಸರ್ ಮತ್ತು ನಾನು. ಸರ್ ಮೊದಲು ಅದೇ ಕೋಣೆಗಳಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಹೈಸ್ಕೂಲು ಮುಗಿದ ರಜೆಯಲ್ಲಿ ನಾನು ಗೋಕಾಕ ಫಾಲ್ಸ್‌ನಿಂದ ದಿನಾ ಬಸ್ಸಿನಲ್ಲಿ ಬಂದು ಅವರ ಹತ್ತಿರವೇ ಟೈಪಿಂಗ್ ಕಲಿತೆ. ಮುಂದೆ ಬಿಸಿಎ ಮುಗಿಸಿ ಕೆಲಸ ಕೇಳಲು ಹೋದಾಗ ಅವರು ನನ್ನ ಅಂಕಪಟ್ಟಿ ನೋಡಲೇ ಇಲ್ಲ.

"ಒತ್ತಕ್ಷರ ತಪ್ಪಿಲ್ದ ಟೈಪ್ ಮಾಡ್ತಿ ಅಲಾ? ಸಾಕು. ಸೋಮವಾರದಿಂದ ಬಾ," ಅಂದರು.

ನಮ್ಮ ಗಿರಾಕಿಗಳು ಸುತ್ತಲಿನ ಊರಿನವರೇ. ಗೋಕಾಕದ ಒಂದು ರಕ್ತ ಪರೀಕ್ಷೆಯ ಲ್ಯಾಬು, ಮೂಡಲಗಿಯ ಒಂದು ಪ್ರಿಂಟಿಂಗ್ ಪ್ರೆಸ್ಸು, ಹುಕ್ಕೇರಿಯ ಒಂದು ಸಣ್ಣ ಕಣ್ಣಿನ ಆಸ್ಪತ್ರೆ, ಹೀಗೆ ಏಳು ಕಡೆ. ಏಳಕ್ಕೂ ಬೇರೆ ಬೇರೆ ಪ್ರೋಗ್ರಾಮು. ಆದರೆ ಏಳಕ್ಕೂ ಬೇಕಾಗುವ ಕೆಲವು ಕೆಲಸಗಳಿದ್ದವು: ಕನ್ನಡ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ತಾರೀಖು ಬರೆಯುವುದು, ಕಾಗದದ ಮೇಲೆ ಅಕ್ಷರ ಸರಿಯಾಗಿ ಮೂಡಿಸುವುದು. ಇವನ್ನೆಲ್ಲ ಸರ್ ಬಹಳ ಹಿಂದೆಯೇ ಒಂದೇ ಕಡೆ ಬರೆದಿಟ್ಟಿದ್ದರು. ಇಂಥದ್ದನ್ನು ನಮ್ಮ ಕಸುಬಿನಲ್ಲಿ ಲೈಬ್ರರಿ ಅನ್ನುತ್ತಾರೆ. ಪುಸ್ತಕದ ಲೈಬ್ರರಿ ಅಲ್ಲ, ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಾಮಾನಿನ ಗೂಡು. ಸರ್ ಅದನ್ನು 'ಡಬ್ಬಿ' ಅನ್ನುತ್ತಿದ್ದರು. ಡಬ್ಬಿಯಲ್ಲಿ ಒಂದು ಕಡೆ ತಿದ್ದಿದರೆ ಏಳೂ ಕಡೆ ತಿದ್ದಿದ ಹಾಗೆ. ಅದು ಎಷ್ಟು ಅನುಕೂಲವೋ ಅಷ್ಟೇ ಅಪಾಯ ಎನ್ನುವುದು ನನಗೆ ಪುಸ್ತಕದಿಂದ ಗೊತ್ತಿತ್ತು, ಅನುಭವದಿಂದ ಗೊತ್ತಿರಲಿಲ್ಲ.

ಒಂದು ದಿನ ಮೂಡಲಗಿಯ ಪ್ರೆಸ್ಸಿನ ಮಾಲೀಕರು ಫೋನು ಮಾಡಿ, "ಇಲ್ಲೊಬ್ಬರು ಅಕ್ಕೋರು ಬಂದು ಕುಂತಾರ್ರಿ. ನಿಮ್ಮನ್ನ ಕರಸಬೇಕಂತ. ಬರೂತನಕ ಏಳೂದಿಲ್ಲಂತ," ಅಂದರು.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ. ಇವರು ನಿವೃತ್ತರಾದ ಕನ್ನಡ ಶಿಕ್ಷಕಿ. ಸುತ್ತಲಿನ ಹೊಲಮನೆಗಳಲ್ಲಿ ಆಡುವ ಮಾತುಗಳನ್ನು ಕೂಡಿಸಿ ಒಂದು ಪದಕೋಶ ಮಾಡುತ್ತಿದ್ದರು. ಅದು ಆ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ನಾನು ಹೋದಾಗ ಅವರು ಕಾಗದದ ರೀಮುಗಳ ನಡುವೆ ಕುರ್ಚಿ ಹಾಕಿಕೊಂಡು, ಕರಡು ಪುಟಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದರು.

"ಈ ಅಕಾರಾದಿ ಮಾಡಿದಾಕಿ ನೀನ ಏನು?"

"ಹೌದ್ರಿ ಅಕ್ಕೋರ. ನಾನಲ್ರಿ, ನಮ್ಮ ಪ್ರೋಗ್ರಾಮ್ ಮಾಡಿದ್ದು."

"ಪ್ರೋಗ್ರಾಮ್ ಯಾವ ಸಾಲಿ ಕಲ್ತೈತಿ? ಇಲ್ಲಿ ನೋಡು. ಸೆಗಣಿ ಬಾಜೂಕ ಶೇಂಗಾ ಇಟ್ಟೈತಿ. ಕಣದ ಬಾಜೂಕ ಖಣ ಐತಿ. ರಾಶಿ ಮಾಡೂ ಕಣದಾಗ ಕುಬಸದ ಖಣ ಹಾಸ್ತಾರೇನು? ಶ ಬ್ಯಾರೆ, ಸ ಬ್ಯಾರೆ. ಕ ಬ್ಯಾರೆ, ಖ ಬ್ಯಾರೆ. ಮೂರನೇತ್ತೆ ಸಾಲಿ ಹುಡುಗರಿಗೆ ಗೊತ್ತಿರತೈತಿ."

ನಾನು ಪುಟಗಳನ್ನು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಮ್ಮ ಡಬ್ಬಿ ಶ, ಷ, ಸ ಮೂರನ್ನೂ ಒಂದೇ ಅಕ್ಷರವೆಂದು ಎಣಿಸುತ್ತಿತ್ತು. ಕ ಮತ್ತು ಖ, ಗ ಮತ್ತು ಘ, ಬ ಮತ್ತು ಭ, ಎಲ್ಲವೂ ಜೋಡಿ ಜೋಡಿಯಾಗಿ ಒಂದೇ. ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಲ್ಯಾಬಿನ ಪಟ್ಟಿಗಳನ್ನು ಯಾರು ಓದುತ್ತಾರೆ? ಅಕ್ಕೋರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ವರ್ಣಮಾಲೆ ಹೇಳಿಸಿದರು. ಪ್ರೆಸ್ಸಿನ ಮಾಲೀಕರು ಮಷೀನಿನ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು. 'ಕ್ಷ'ವನ್ನು ನಾನು ಬೇರೆ ಅಕ್ಷರವೆಂದು ಹೇಳಿ ಬೈಸಿಕೊಂಡೆ. ಆಮೇಲೆ ಅವರು ಚೀಲದಿಂದ ಚಕ್ಕುಲಿ ತೆಗೆದುಕೊಟ್ಟು, "ತಿನ್ನು. ತಿಂದು ಸರಿ ಮಾಡು," ಅಂದರು.

ಸರಿ ಮಾಡುವುದು ಕಷ್ಟವೇನೂ ಆಗಿರಲಿಲ್ಲ. ಅಕ್ಷರಗಳ ಕ್ರಮ ಡಬ್ಬಿಯಲ್ಲಿ ಒಂದು ಸಣ್ಣ ಪಟ್ಟಿಯಲ್ಲಿತ್ತು. ಆ ಪಟ್ಟಿಯನ್ನು ಶಾಲೆಯ ವರ್ಣಮಾಲೆಯಂತೆ ತಿದ್ದಿದೆ. ಅಕ್ಕೋರ ಪದಗಳನ್ನೆಲ್ಲ ಹಾಕಿ ನೋಡಿದೆ. ಸೆಗಣಿ ಸ ಪುಟಕ್ಕೆ ಹೋಯಿತು, ಶೇಂಗಾ ಶ ಪುಟಕ್ಕೆ ಬಂತು. ಬಹಳ ಖುಷಿಯಾಯಿತು. ಅಂದು ಸರ್ ಮದುವೆಯೊಂದಕ್ಕೆ ಹೋಗಿದ್ದರು. ತಪ್ಪನ್ನು ತಿದ್ದುವುದಕ್ಕೆ ಯಾರನ್ನು ಕೇಳಬೇಕು ಎಂದುಕೊಂಡು ಸಂಜೆಯೇ ಹೊಸ ಡಬ್ಬಿಯನ್ನು ಏಳೂ ಕಡೆಗೆ ಕಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಎಲ್ಲರ ಕಂಪ್ಯೂಟರೂ ಶುರುವಾಗುವಾಗ ತಾನಾಗಿಯೇ ಅದನ್ನು ಎಳೆದುಕೊಳ್ಳುತ್ತಿತ್ತು.

ಮರುದಿನ ಹತ್ತು ಗಂಟೆಗೆ ಹುಕ್ಕೇರಿಯಿಂದ ಫೋನು ಬಂತು. ಕಣ್ಣಿನ ಆಸ್ಪತ್ರೆಯ ಕಾರ್ಡು ಕೋಣೆ ನೋಡಿಕೊಳ್ಳುವವರು. ಡಾಕ್ಟರರಿಂದ ಹಿಡಿದು ರೋಗಿಗಳವರೆಗೆ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವರು ಎಂದೂ ಜೋರಾಗಿ ಮಾತಾಡಿದವರಲ್ಲ. ಅಂದೂ ಮೆಲ್ಲಗೇ ಮಾತಾಡಿದರು.

"ಮೇಡಮ್ಮಾರ, ನಮ್ಮ ಕಾರ್ಡ್ ಸಿಗವಲ್ಲವು. ಕಂಪ್ಯೂಟರ್ ಒಂದು ಖಾನೆ ಹೇಳತೈತಿ, ಅಲ್ಲಿ ಬ್ಯಾರೆಯವರ ಕಾರ್ಡ್ ಐತಿ. ಮಂದಿ ಬಾಳ ಕುಂತಾರ್ರಿ. ಇವತ್ತ ಪೊರೆ ತಗದವರನ್ನ ನೋಡೂ ದಿನ."

ಆ ಆಸ್ಪತ್ರೆಯಲ್ಲಿ ಪ್ರತಿ ರೋಗಿಗೂ ಒಂದು ಕಾಗದದ ಕಾರ್ಡು ಇರುತ್ತದೆ. ಡಾಕ್ಟರು ಅದರ ಮೇಲೆ ಪೆನ್ಸಿಲಿನಿಂದ ಕಣ್ಣಿನ ಚಿತ್ರ ಬರೆದು ಪೊರೆ ಎಲ್ಲಿದೆ, ಹೊಲಿಗೆ ಎಲ್ಲಿದೆ ಎಂದು ಗುರುತು ಹಾಕುತ್ತಾರೆ. ಆ ಕಾರ್ಡುಗಳು ಕಪಾಟಿನ ಖಾನೆಗಳಲ್ಲಿ ಹೆಸರಿನ ಪ್ರಕಾರ ಇರುತ್ತವೆ. ರೋಗಿಯ ಹೆಸರು ಟೈಪು ಮಾಡಿದರೆ ಪ್ರೋಗ್ರಾಮು ಒಂದು ಚೀಟಿ ಕೊಡುತ್ತದೆ: ಇಷ್ಟನೇ ಖಾನೆ, ಇಷ್ಟನೇ ಕಾರ್ಡು. ಆ ನಂಬರನ್ನು ಅದು ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ. ಎಲ್ಲ ಹೆಸರುಗಳನ್ನೂ ಡಬ್ಬಿಯ ಕ್ರಮದಲ್ಲಿ ಜೋಡಿಸಿ, ಎಣಿಸಿ ಹೇಳುತ್ತಿತ್ತು. ನಾನು ಆ ಕ್ರಮವನ್ನು ಬದಲಿಸಿದ್ದೆ. ಕಂಪ್ಯೂಟರಿನ ಎಣಿಕೆ ಬದಲಾಗಿತ್ತು, ಕಪಾಟು ಮಾತ್ರ ಹಿಂದಿನ ಹಾಗೆಯೇ ನಿಂತಿತ್ತು.

ಹಳೆಯ ಡಬ್ಬಿಯನ್ನು ಕೂಡಲೇ ವಾಪಸು ಕಳಿಸಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಶುರು ಮಾಡಲು ಕಾಕಾನಿಗೆ ಹೇಳಿದೆ. ಆಮೇಲೆ ಸುಮ್ಮನೆ ಕೂರಲಾಗದೆ ಬಸ್ಸು ಹತ್ತಿದೆ. ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟುವವರೆಗೆ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಎರಡು ಮಾತು ಜಗಳವಾಡುತ್ತಿದ್ದವು. ಒಂದು, ಎಂಥ ಕೆಲಸ ಮಾಡಿದೆ. ಇನ್ನೊಂದು, ಆದರೂ ನಾನು ಮಾಡಿದ್ದು ಸರಿಯೇ ಅಲ್ಲವೇ?

ಆಸ್ಪತ್ರೆಯ ಪಡಸಾಲೆ ತುಂಬ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಮುದುಕರು, ಮುದುಕಿಯರು. ಹಳೆಯ ಡಬ್ಬಿ ಬಂದಮೇಲೆ ಚೀಟಿಗಳು ಮತ್ತೆ ಸರಿಯಾಗಿ ಬರುತ್ತಿದ್ದವು. ಕಾಕಾ ಕಾರ್ಡು ತೆಗೆದು ತೆಗೆದು ಒಳಗೆ ಕಳಿಸುತ್ತಿದ್ದರು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ಸಂಜೆಯೇ ತೆಗೆದಿಟ್ಟಿದ್ದ ಆರು ಜನರ ಕಾರ್ಡುಗಳನ್ನು, ಬೆಳಿಗ್ಗೆ ಡಾಕ್ಟರು ನೋಡಿ ಮುಗಿಸಿದ ಮೇಲೆ, ನನ್ನ ಹೊಸ ಚೀಟಿಗಳನ್ನು ನಂಬಿ ಅವರು ತಪ್ಪು ಜಾಗದಲ್ಲಿ ಇಟ್ಟುಬಿಟ್ಟಿದ್ದರು. ಕಂಪ್ಯೂಟರನ್ನು ಹಿಂದಕ್ಕೆ ತಿರುಗಿಸಬಹುದು, ಇಟ್ಟ ಕಾರ್ಡು ತಾನಾಗಿ ಹಿಂದಕ್ಕೆ ಬರುವುದಿಲ್ಲ. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು ಒಂದೊಂದೇ ಖಾನೆ ಹುಡುಕತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಿಕ್ಕವು.

ಐದನೆಯದು ಹತ್ತರಗಿಯಿಂದ ಬಂದಿದ್ದ ಒಬ್ಬ ಅಜ್ಜಿಯದು. ಡಾಕ್ಟರು ನೋಡಿಯಾಗಿತ್ತು, ಆದರೆ ಔಷಧಿ ಬರೆಯುವುದಕ್ಕೆ ಕಾರ್ಡು ಮತ್ತೆ ಬೇಕಾಗಿತ್ತು. ಅಜ್ಜಿ ಕಾರ್ಡು ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಯಾಕವ್ವಾ, ನೀನೂ ಕಣ್ಣ ಕಾಣದಾಕೀ ಏನು? ತಾಸ್ ಆತು ಹುಡುಕಾಕತ್ತಿ."

"ತಪ್ಪಾತ್ರಿ ಆಯೀ. ಒಂದ ಸ್ವಲ್ಪ ತಡೀರಿ."

"ತಡೀತೀನಿ ತೊಗೊ. ಬಸ್ಸು ನನ್ನ ಬಿಟ್ಟು ಹ್ವಾದ್ರ ನಿಮ್ಮ ಮನೀಗೇ ಬರ್ತೀನಿ," ಎಂದು ಅವಳು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಕೂತು, ನನಗೆ ಮದುವೆಯಾಗಿದೆಯೋ, ಮಕ್ಕಳೆಷ್ಟು, ಅತ್ತೆ ಹೇಗೆ ಎಂದು ವಿಚಾರಿಸತೊಡಗಿದಳು.

ಕಾಕಾ ಅಜ್ಜಿಯ ಹೆಸರು ಕೇಳಿದರು. ಅವಳು ಸ ಎಂದು ಶುರು ಮಾಡಿ ಹೇಳಿದಳು. ಆಧಾರ್ ಕಾರ್ಡಿನಲ್ಲಿ ಅದೇ ಹೆಸರು ಶ ಎಂದಿತ್ತು. ಕಾಕಾ ಎರಡು ಖಾನೆ ಎಳೆದು, ಬೆರಳುಗಳನ್ನು ಕಾರ್ಡಿನ ತುದಿಗಳ ಮೇಲೆ ಓಡಿಸಿ, ಕೊನೆಗೆ ಒಂದನ್ನು ಹೊರಗೆಳೆದರು. ಅದರ ಮೇಲೆ ಷ ಎಂದು ಬರೆದಿತ್ತು. ಅಜ್ಜಿಯೇ ಹೌದು, ಊರು ಹತ್ತರಗಿಯೇ ಹೌದು. ಆರನೆಯ ಕಾರ್ಡು ಅಂದು ಸಿಗಲಿಲ್ಲ. ಒಂದು ವಾರ ಬಿಟ್ಟು ಕಾಕಾ ಅದನ್ನು ಹುಡುಕಿ ನನಗೆ ಫೋನು ಮಾಡಿ ಹೇಳಿದರು.

ಗೋಕಾಕಕ್ಕೆ ಮರಳಿದಾಗ ಸರ್ ನನ್ನ ದಾರಿ ಕಾಯುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ಚಹಾ ತರಿಸಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ತಡೆಯಲಾರದೆ ನಾನೇ ಬಾಯಿ ಬಿಟ್ಟೆ.

"ಸರ್, ನನ್ನ ಕ್ರಮ ಸರಿ ಐತ್ರಿ. ಹಳೇದ ತಪ್ಪು."

"ಯಾರು ಇಲ್ಲ ಅಂದ್ರು? ಖರೆ ಹೇಳಲೇನು? ನಾ ಅದನ್ನ ಬರಿಯೂ ಕಾಲಕ್ಕ ಮಹಾಪ್ರಾಣ ಎಲ್ಲಾ ಬ್ಯಾರೆ ಬ್ಯಾರೆ ಮಾಡಾಕ ಬ್ಯಾಸರ ಆತು. ಎಲ್ಲಾ ಕೂಡಿಸಿ ಕಟ್ಟಿಬಿಟ್ಟೆ. ಆಮ್ಯಾಲೆ ಸರಿ ಮಾಡೂಣಂತ ಬಿಟ್ಟಿದ್ದು, ಹಂಗ ಉಳಿತು."

"ಹಂಗಾದ್ರ ಈಗ ಮಾಡೂಣಲ್ರಿ? ಒಂದು ಐತವಾರ ರಜಾ ಇದ್ದಾಗ ನಾ ಹೋಗಿ ಹುಕ್ಕೇರಿ ಕಾರ್ಡ್ ಎಲ್ಲಾ ಹೊಸ ಕ್ರಮಕ್ಕ ಹೊಂದಿಸಿ ಬರ್ತೀನಿ."

ಸರ್ ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ಬೇಕೋ ಬ್ಯಾಡೋ ಅಂತ ಮೊದ್ಲ ಕಾಕಾಗ ಕೇಳು. ಕಪಾಟು ಅವರದು."

ಕೇಳಿದೆ. ಮುಂದಿನ ವಾರ ಮತ್ತೆ ಹುಕ್ಕೇರಿಗೆ ಹೋಗಿ, ಅಂದಿನ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಇಡೀ ಕಪಾಟನ್ನೇ ಸರಿಪಡಿಸಿಕೊಡುತ್ತೇನೆ ಎಂದೆ. ಕಾಕಾ ಸಂಕೋಚದಿಂದ ಕೈ ಒರೆಸಿಕೊಂಡರು.

"ಬ್ಯಾಡ್ರಿ ಮೇಡಮ್ಮಾರ. ಹನ್ನೊಂದು ವರ್ಷ ಆತು, ನನಗ ಈ ಕ್ರಮ ಕೈಗೆ ಕುಂತೈತಿ. ಅದಷ್ಟ ಅಲ್ರಿ. ಬರೂ ಮಂದಿ ಬಾಯಿಲೆ ಸ ಅಂತಾರ. ಆಧಾರದಾಗ ಶ ಇರತೈತಿ. ಕಾರ್ಡ್ ಬರಿಯೂ ನರ್ಸಬಾಯಿ ಷ ಬರದಿರತಾರ. ಮೂರೂ ಒಂದ ಕಡೆ ಇದ್ರ ನನಗ ಒಂದ ಖಾನೆ ನೋಡಿದ್ರ ಮುಗೀತು. ನಿಮ್ಮ ಸರ್ ಬಾಳ ವಿಚಾರ ಮಾಡಿ ಇದನ್ನ ಮಾಡ್ಯಾರ್ರಿ."

ಸರ್ ಬೇಸರಕ್ಕೆ ಮಾಡಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕಾಕಾನ ಕಪಾಟಿನ ಮುಂದೆ ನಿಂತಿದ್ದಾಗ ನಾನು ಕಲಿತದ್ದೆಲ್ಲ ಒಮ್ಮೆ ಅಲುಗಾಡಿತು. ನಾನು ತಪ್ಪು ಎಂದು ಅಳಿಸಿದ ಸಾಲಿನ ಮೇಲೆ ಒಬ್ಬ ಮನುಷ್ಯ ಹನ್ನೊಂದು ವರ್ಷದ ದುಡಿಮೆ ಕಟ್ಟಿಕೊಂಡಿದ್ದ. ಆ ಸಾಲು ಹೇಗೆ ಹುಟ್ಟಿತು ಎನ್ನುವುದಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ.

ಆ ರಾದ್ಧಾಂತದ ನಂತರ ಮೊದಲ ಬಾರಿಗೆ ಸರ್ ಮತ್ತು ನಾನು ಕೂತು, ಡಬ್ಬಿಯ ಯಾವ ಸಾಮಾನನ್ನು ಯಾರು ಬಳಸುತ್ತಾರೆ ಎಂದು ಒಂದು ದೊಡ್ಡ ಹಾಳೆಯಲ್ಲಿ ಬರೆದೆವು. ಏಳೂ ಕಡೆ ಫೋನು ಮಾಡಿದೆ. ಮೂವರಿಗೆ ಯಾವ ಕ್ರಮವಾದರೂ ನಡೆಯುತ್ತಿತ್ತು. ಮೂವರು ಹಳೆಯದೇ ಇರಲಿ ಅಂದರು. ಹೊಸದೇ ಬೇಕು ಅಂದವರು ಅಕ್ಕೋರೊಬ್ಬರೇ, ಮೂಡಲಗಿಯ ಪ್ರೆಸ್ಸಿನ ಮೂಲಕ. ಕೊನೆಗೆ ಮಾಡಿದ್ದು ಇಷ್ಟು: ಹಳೆಯ ಕ್ರಮ ಹಳೆಯ ಹೆಸರಿನಲ್ಲಿಯೇ ಡಬ್ಬಿಯಲ್ಲಿ ಉಳಿಯಿತು. ಹಳೆಯ ಹೆಸರು ಹಿಡಿದು ಕರೆದ ಪ್ರೋಗ್ರಾಮಿಗೆ ಹಳೆಯ ಉತ್ತರವೇ ಸಿಗಬೇಕು. ವರ್ಣಮಾಲೆಯ ಕ್ರಮವನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕೆ ಇಟ್ಟೆ. ಬೇಕಾದವರು ಆ ಹೆಸರು ಹಿಡಿದು ಕರೆಯಬೇಕು. ಹಳೆಯ ಸಾಲಿನ ಮೇಲೆ, ಮುಂದೆ ಓದುವವರಿಗೆಂದು ಕನ್ನಡದಲ್ಲಿಯೇ ಬರೆದೆ: 'ಇದು ತಪ್ಪಿನಂತೆ ಕಾಣುತ್ತದೆ. ಸರಿ ಮಾಡಬೇಡಿ. ಮೊದಲು ಹುಕ್ಕೇರಿಗೆ ಫೋನು ಮಾಡಿ.' ಸರ್ ಅದನ್ನು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಅಕ್ಕೋರು ನಗಲಿಲ್ಲ. ಅವರ ಪುಟಗಳು ಸರಿಯಾಗಿದ್ದವು, ಆದರೆ ಪ್ರೆಸ್ಸಿನ ಮಾಲೀಕರು ಬಾಯಿ ತಪ್ಪಿ ಈ ಕಥೆಯೆಲ್ಲ ಅವರ ಕಿವಿಗೆ ಹಾಕಿದ್ದರು.

"ಅಂದ್ರ ತಪ್ಪಿಗೆ ನಡುಮನೀ, ಸರಿಗೆ ಪಡಸಾಲಿ. ಹಿಂಗೇನು?"

"ಹಂಗಲ್ರಿ ಅಕ್ಕೋರ. ಅಲ್ಲಿ ಒಬ್ಬರು ಕಾಕಾ ಅದಾರ್ರಿ..."

"ಯಾರವರು? ನಾ ನೋಡಬೇಕು. ಕರಕೊಂಡು ಹೋಗು."

ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಒಂದು ಮಂಗಳವಾರ ಅವರು ಮೂಡಲಗಿಯಿಂದ ಗೋಕಾಕಕ್ಕೆ ಬಂದರು, ಅಲ್ಲಿಂದ ಇಬ್ಬರೂ ಹುಕ್ಕೇರಿಗೆ ಹೋದೆವು. ದಾರಿಯಲ್ಲಿ ಅವರು ಒಂದೇ ಸಮನೆ ಕಾಕಾನಿಗೆ ಹೇಳಬೇಕಾದ ಪಾಠವನ್ನು ನನಗೆ ಹೇಳುತ್ತಿದ್ದರು. ನಾನು ಕಿಟಕಿಯ ಹೊರಗಿನ ಕಬ್ಬು ನೋಡುತ್ತಾ ಹೂಂ ಅನ್ನುತ್ತಿದ್ದೆ.

ಕಾಕಾ ಅವರನ್ನು ಕಂಡ ತಕ್ಷಣ ಎದ್ದು ನಿಂತರು. "ಬರ್ರಿ ಅಕ್ಕೋರ, ಕುಂದರ್ರಿ," ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅಕ್ಕೋರು ಕೂತು ಸಕಾರ ಶಕಾರಗಳ ವ್ಯತ್ಯಾಸ ಶುರು ಮಾಡಿದರು. ಅಷ್ಟರಲ್ಲಿ ಕಿಟಕಿಗೆ ಒಬ್ಬ ಮುದುಕ ಬಂದು ಹೆಸರು ಹೇಳಿದ. ಕಾಕಾ ಚೀಟಿಗಾಗಿಯೂ ಕಾಯದೆ ಖಾನೆ ಎಳೆದರು. ಮುದುಕ ಗ ಎಂದು ಹೇಳಿದ ಹೆಸರು ಕಾರ್ಡಿನಲ್ಲಿ ಘ ಎಂದಿತ್ತು. ಅಕ್ಕೋರು ಕತ್ತು ಚಾಚಿ ಆ ಕಾರ್ಡು ನೋಡಿದರು. ಮತ್ತೊಬ್ಬಳು ಬಂದಳು, ಮತ್ತೊಬ್ಬ ಬಂದ. ಅಕ್ಕೋರು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಚೀಲದಿಂದ ಅವರ ಟಿಪ್ಪಣಿಯ ಪುಸ್ತಕ ಹೊರಬಂತು. ಒಬ್ಬ ಮುದುಕಿ ತನ್ನ ಕಣ್ಣಿನ ತೊಂದರೆಯನ್ನು ಕಾಕಾನಿಗೆ ವಿವರಿಸುತ್ತಾ, "ಎಲ್ಲಾ ಮಂಜಮಂಜ, ಜಾಳಿಗಿ ಬಿಟ್ಟಂಗ ಆಗೇತ್ರೀ," ಅಂದಳು.

"ಏನಂದ್ರಿ ಆಯೀ? ಇನ್ನೊಮ್ಮೆ ಹೇಳ್ರಿ," ಎಂದು ಅಕ್ಕೋರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

ಮಧ್ಯಾಹ್ನ ಮೂರು ಗಂಟೆಯವರೆಗೆ ಅವರು ಅಲ್ಲಿಂದ ಏಳಲಿಲ್ಲ. ಕಾಕಾ ತಂದಿದ್ದ ಬುತ್ತಿಯಲ್ಲಿನ ರೊಟ್ಟಿ, ಮಡಕಿ ಕಾಳಿನ ಪಲ್ಯ ಮೂವರೂ ಹಂಚಿಕೊಂಡು ತಿಂದೆವು. ಪಾಠ ಹೇಳುವುದು ಮರೆತೇಹೋಗಿತ್ತು. ಹೊರಡುವಾಗ ಮಾತ್ರ ಅಕ್ಕೋರು, "ಆದ್ರ ಬರಿಯೂಮುಂದ ಶ ಬ್ಯಾರೆ, ಸ ಬ್ಯಾರೆ. ಅದನ್ನ ಮರೀಬ್ಯಾಡ್ರಿ," ಅಂದರು.

"ಹೌದ್ರಿ ಅಕ್ಕೋರ," ಅಂದರು ಕಾಕಾ. "ಹುಡುಕೂಮುಂದ ಅಷ್ಟ ಒಂದ ರೀ."

ಬಸ್ಸಿನಲ್ಲಿ ಅಕ್ಕೋರು ಟಿಪ್ಪಣಿಯ ಪುಸ್ತಕ ತೆರೆದು ಅಂದು ಬರೆದುಕೊಂಡ ಮಾತುಗಳನ್ನು ತಿರುವಿ ನೋಡಿದರು. ಘಟಪ್ರಭಾ ಹತ್ತಿರ ಬಂದಾಗ ಕೇಳಿದರು: "ನಿನ್ನ ಡಬ್ಬ್ಯಾಗ ಆ ಹಳೇದು ಇನ್ನೂ ಐತಿ ಅಲಾ?"

"ಐತ್ರಿ."

"ಪುಸ್ತಕದ ಹಿಂದ ಒಂದು ಸೂಚಿ ಹಾಕೂಣ. ಬರಿಯಾಕ ಬರದವ್ರು, ಬರೇ ಕಿವೀಲೆ ಕೇಳಿದವ್ರು, ಶಬ್ದ ಎಲ್ಲಿ ಹುಡುಕಬೇಕು? ಅವರಿಗೆ ಹುಕ್ಕೇರಿ ಕ್ರಮ ಇರ್ಲಿ."

ಪುಸ್ತಕ ಹೊರಬಂದಾಗ ಹಾಗೆಯೇ ಬಂತು. ಮುಂದೆ ವರ್ಣಮಾಲೆಯ ಕ್ರಮದಲ್ಲಿ ಪದಗಳು, ಹಿಂದೆ ನಾಲ್ಕಾರು ಪುಟ ಕಿವಿಯ ಕ್ರಮದ ಸೂಚಿ. ಆ ಸೂಚಿಯಲ್ಲಿ ಕಣ ಮತ್ತು ಖಣ ಮತ್ತೆ ಅಕ್ಕಪಕ್ಕ ಕೂತವು. ಅಕ್ಕೋರು ಮೊದಲ ಪ್ರತಿಗಳಲ್ಲಿ ಒಂದನ್ನು ಕಾಕಾನಿಗೆ ಕಳಿಸಿದರು. ಅವರು ನಾಲ್ಕು ದಿನ ಓದಿ, ತಮ್ಮ ಊರಿನ ಒಂದು ಮಾತು ಬಿಟ್ಟುಹೋಗಿದೆ ಎಂದು ಫೋನು ಮಾಡಿದರಂತೆ. ಈಗ ಅವರಿಬ್ಬರೂ ಆಗಾಗ ಮಾತಾಡುತ್ತಾರೆ. ನಡುವೆ ನನ್ನ ಅಗತ್ಯ ಬೀಳುವುದಿಲ್ಲ.

ಹುಕ್ಕೇರಿಯ ಪ್ರೋಗ್ರಾಮನ್ನು ಹಾಗೆಯೇ ಬಿಡಲು ನನಗೆ ಧೈರ್ಯವಾಗಲಿಲ್ಲ. ಮುಂದಿನ ನಾಲ್ಕು ತಿಂಗಳಲ್ಲಿ, ಬಿಡುವಿನ ದಿನಗಳಲ್ಲಿ ಹೋಗಿ, ಪ್ರತಿ ಕಾರ್ಡಿನ ಜಾಗವನ್ನೂ ಕಂಪ್ಯೂಟರಿನಲ್ಲಿಯೇ ಬರೆದಿಡುವಂತೆ ಮಾಡಿದೆ. ಈಗ ಡಬ್ಬಿಯಲ್ಲಿ ಏನೇ ಬದಲಾದರೂ ಅವರ ಚೀಟಿ ಬದಲಾಗುವುದಿಲ್ಲ. ಕಾಕಾ ಪ್ರತಿ ಸಲವೂ ಚಹಾ ಕೊಟ್ಟರು, ಪ್ರತಿ ಸಲವೂ ತಮ್ಮ ಬೆರಳಿನಿಂದಲೇ ಕಾರ್ಡು ತೆಗೆದರು. ಚೀಟಿಯನ್ನು ಆಮೇಲೆ ನೋಡಿ, "ಬರೋಬ್ಬರಿ ಹೇಳೇತ್ರಿ," ಎಂದು ಕಂಪ್ಯೂಟರಿಗೆ ಶಹಬ್ಬಾಸು ಕೊಡುತ್ತಿದ್ದರು.

ಸದ್ಯ ತಾರೀಖು ಬರೆಯುವ ಭಾಗವನ್ನು ತಿದ್ದುತ್ತಿದ್ದೇನೆ. ತಿಂಗಳಿನ ಹೆಸರುಗಳನ್ನು ಅದು ಒಂದೊಂದು ಕಡೆ ಒಂದೊಂದು ರೀತಿ ಬರೆಯುತ್ತದೆ, ನೋಡಿದರೆ ನಾಚಿಕೆಯಾಗುತ್ತದೆ. ತಿದ್ದುಪಡಿ ಬರೆದಾಗಿದೆ, ಆದರೆ ಇನ್ನೂ ಎಲ್ಲಿಗೂ ಕಳಿಸಿಲ್ಲ. ಏಳರಲ್ಲಿ ಐದು ಕಡೆ ಹೋಗಿ, ಅವರು ಆ ತಾರೀಖನ್ನು ಏನು ಮಾಡುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಿ ಬಂದಿದ್ದೇನೆ. ಗೋಕಾಕದ ಲ್ಯಾಬಿನಲ್ಲಿ ರಿಪೋರ್ಟು ಬರೆಯುವ ಅಕ್ಕ ತಾರೀಖಿನ ಕೊನೆಯಲ್ಲಿ ಬರುವ, ನನ್ನ ತಿದ್ದುಪಡಿಯಲ್ಲಿ ಅಳಿಸಿದ್ದ ಒಂದು ಬೇಡದ ಚುಕ್ಕೆಯನ್ನು ನೋಡಿ, ಅಲ್ಲಿಗೆ ಸರಿಯಾಗಿ ಕಾಗದ ಮಡಚುತ್ತಾಳೆ. ಆ ಚುಕ್ಕೆ ಇಲ್ಲದಿದ್ದರೆ ರೋಗಿಯ ಹೆಸರು ಲಕೋಟೆಯ ಕಿಟಕಿಯಲ್ಲಿ ಕಾಣುವುದಿಲ್ಲವಂತೆ. ನಾನು ಅದನ್ನು ಹಾಳೆಯಲ್ಲಿ ಬರೆದುಕೊಂಡೆ. ಇನ್ನೆರಡು ಊರು ಉಳಿದಿವೆ.